ಕೆರೆಯನ್ನು ಪುಣೆಗೆ ಒಯ್ದದ್ದು

ಧಾರವಾಡದ ಬಸ್ ನಿಲ್ದಾಣದಲ್ಲಿ ನಿಪ್ಪಾಣಿಗೆ ಹೋಗುವ ಬೆಳಗಿನ ಮೊದಲ ಬಸ್ಸು ಹತ್ತುವಾಗ ನಮ್ಮ ಹತ್ತಿರ ಎರಡು ಬಟ್ಟೆಯ ಚೀಲ, ಒಂದು ರೊಟ್ಟಿಯ ಗಂಟು ಮತ್ತು ಹಸಿ ಗೋಣಿತಟ್ಟು ಸುತ್ತಿದ ಎರಡು ಬಿಳಿ ಕ್ಯಾನುಗಳಿದ್ದವು. ಕ್ಯಾನಿನಲ್ಲಿ ಏನಿದೆ ಎಂದು ಕಂಡಕ್ಟರ್ ಕೇಳಿದ. ಕೆರೆಯ ನೀರು, ಪುಣೆಗೆ ಒಯ್ಯುತ್ತಿದ್ದೇವೆ ಎಂದೆ. ಅವನು ಕ್ಯಾನು ನೋಡಿದ, ನನ್ನ ಮುಖ ನೋಡಿದ, ಪುಣೆಯಲ್ಲಿ ನೀರು ಸಿಗುವುದಿಲ್ಲವೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಗಲಿ ಎಂದು ಕ್ಯಾನುಗಳನ್ನು ಕಾಲಡಿ ಇಟ್ಟುಕೊಂಡು ಗಟ್ಟಿಯಾಗಿ ಕೂತೆ.

ನಿಪ್ಪಾಣಿಯವರೆಗೆ ಕರ್ನಾಟಕದ ಬಸ್ಸು, ಹೆಂಗಸಾದ ನನಗೆ ಟಿಕೆಟ್ಟಿನ ಹಣವಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಸಾಕು. ಜೊತೆಗೆ ಬಂದಿದ್ದ ಯಲ್ಲಪ್ಪ ಅಂಬಿಗೇರ ಮಾತ್ರ ಪೂರ್ತಿ ಹಣ ಕೊಟ್ಟ. ನಿಪ್ಪಾಣಿಯಲ್ಲಿ ಇಳಿದು ಮಹಾರಾಷ್ಟ್ರದ ಬಸ್ಸು ಹತ್ತಿದರೆ ಅಲ್ಲಿ ಹೆಂಗಸರಿಗೆ ಅರ್ಧ, ಅವನಿಗೆ ಮತ್ತೆ ಪೂರ್ತಿ. ಮುಂದಿನ ಜನ್ಮದಲ್ಲಿ ಹೆಣ್ಣಾಗಿ ಹುಟ್ಟುತ್ತೇನೆ ಎಂದ. ನೂರಾರು ಹೆರಿಗೆ ಮಾಡಿಸಿದವಳು ನಾನು. ಬಸ್ ಚಾರ್ಜಿನ ಆಸೆಗೆ ಅಷ್ಟು ದೊಡ್ಡ ಹರಕೆ ಹೊರಬೇಡ ಎಂದೆ.

ನಾನು ನರ್ಸು. ಧಾರವಾಡದ ಮಗ್ಗುಲಿನ ನಮ್ಮೂರಿನಲ್ಲೇ ಸೇವೆ ಮಾಡಿ, ಅಲ್ಲೇ ನಿವೃತ್ತಳಾಗಿ, ಈಗಲೂ ಊರಿನವರಿಂದ 'ಅಕ್ಕಾರ' ಎಂದೇ ಕರೆಸಿಕೊಳ್ಳುತ್ತಿರುವವಳು. ಯಲ್ಲಪ್ಪ ನಮ್ಮೂರ ಕೆರೆಯಲ್ಲಿ ಮೀನು ಸಾಕುತ್ತಾನೆ. ಅವನ ಬದುಕೇ ಆ ಕೆರೆ. ಈ ಬೇಸಿಗೆಯಲ್ಲಿ ಕೆರೆಯ ಮೇಲೆ ಹಸಿರು ಗಸಿ ಕೆನೆಯಂತೆ ಕಟ್ಟಿತು, ದಂಡೆಯಲ್ಲಿ ಬಣ್ಣ ಚೆಲ್ಲಿದಂತೆ ದಪ್ಪಗೆ ನಿಂತಿತು. ಅದನ್ನು ಕುಡಿದ ಎರಡು ಎಮ್ಮೆಗಳು ಸತ್ತವು. ಇದು ಬರೀ ಪಾಚಿಯಲ್ಲ, ಪಾಚಿಯ ವೇಷದ ಒಂದು ಜಾತಿಯ ಬ್ಯಾಕ್ಟೀರಿಯಾ, ಹೊಟ್ಟೆಯಲ್ಲಿ ವಿಷ ಇಟ್ಟುಕೊಂಡಿರುತ್ತದೆ ಎಂದು ದನದ ಡಾಕ್ಟರು ಹೇಳಿ ಹೋದರು. ಪಂಚಾಯಿತಿಯಲ್ಲಿ ಸಭೆ ಕೂಡಿತು. ಕೆರೆಗೆ ಮೈಲುತುತ್ತದ ನೀಲಿ ಹರಳು ಸುರಿದು ಒಂದೇ ಪೆಟ್ಟಿಗೆ ಕೊಂದುಬಿಡುವುದು ಎಂದು ತೀರ್ಮಾನವಾಯಿತು. ಮೈಲುತುತ್ತ ಬಿದ್ದರೆ ಮೀನು ಉಳಿಯುವುದಿಲ್ಲ ಎಂದು ಯಲ್ಲಪ್ಪ ಹೇಳಿದ. ಮೀನು ಮುಖ್ಯವೋ ಎಮ್ಮೆ ಮುಖ್ಯವೋ ಎಂದು ಕೇಳಿದರು.

ಆ ವಾರವೇ ನನ್ನ ಬಾಲ್ಯದ ಗೆಳತಿ ಮಾಲತಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವಳು ಮದುವೆಯಾಗಿ ಪುಣೆ ಸೇರಿ ನಾಲ್ಕು ದಶಕವಾಯಿತು, ನಿಗಡಿಯಲ್ಲಿ ಸ್ವಂತ ಮನೆ. ಅವಳ ಮಹಡಿಯ ಮೇಲೆ ಬಾಡಿಗೆಗಿರುವ ಸ್ಫೂರ್ತಿ ಎಂಬ ಹಾಸನದ ಹುಡುಗಿ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಾಳಂತೆ, ಇದೇ ಹಸಿರನ್ನು ಮಿಂಚಿನಿಂದ ಒಡೆಯುತ್ತಾಳಂತೆ. ನೀರು ತಂದರೆ ನೋಡಿ ಹೇಳುತ್ತೇನೆ ಎಂದಳಂತೆ. ನಾನು ಪಂಚಾಯಿತಿಗೆ ಹೋಗಿ, ಸೋಮವಾರದವರೆಗೆ ಕೆರೆಗೆ ಒಂದು ಹರಳೂ ಬೀಳಬಾರದು, ನಾನು ಪುಣೆಯಿಂದ ಉತ್ತರ ತರುತ್ತೇನೆ ಎಂದೆ. ಅಧ್ಯಕ್ಷರನ್ನು ಹೆರಿಗೆಯಲ್ಲಿ ಹೊರಗೆ ಎಳೆದವಳೇ ನಾನು, ಇಲ್ಲ ಎನ್ನುವ ಧೈರ್ಯ ಅವರಿಗಾಗಲಿಲ್ಲ.

ದಾರಿಯುದ್ದಕ್ಕೂ ಯಲ್ಲಪ್ಪ ಕಿಟಕಿಯ ಪಕ್ಕ ಕೂತು ಹೊಳೆಗಳನ್ನಷ್ಟೇ ನೋಡಿದ. ಸಂಕೇಶ್ವರದ ಹತ್ತಿರ ಹಿರಣ್ಯಕೇಶಿ, ಕಾಗಲ್ ಹತ್ತಿರ ದೂಧಗಂಗಾ, ಕೊಲ್ಲಾಪುರದಲ್ಲಿ ಪಂಚಗಂಗಾ. ಸೇತುವೆ ಬಂದಾಗಲೆಲ್ಲ ಮುಂದಕ್ಕೆ ಬಾಗಿ ನೀರಿನ ಬಣ್ಣ ನೋಡಿ, ಇದು ಬದುಕಿದೆ, ಇದಕ್ಕೆ ಮೈ ಸರಿಯಿಲ್ಲ ಎಂದು ಒಂದೊಂದಕ್ಕೂ ತೀರ್ಪು ಕೊಡುತ್ತಿದ್ದ. ಕರಾಡದಲ್ಲಿ ಕೃಷ್ಣೆ ಮತ್ತು ಕೊಯ್ನಾ ಎದುರುಬದುರಾಗಿ ಬಂದು ಕೂಡುತ್ತವೆ ಎಂದು ಪಕ್ಕದವರು ಹೇಳಿದಾಗ, ಹಾಗಾದರೆ ಅಲ್ಲಿ ಮೀನಿಗೆ ಸುಗ್ಗಿ ಎಂದ. ಕೊಲ್ಲಾಪುರದ ನಿಲ್ದಾಣದಲ್ಲಿ ರೊಟ್ಟಿಯ ಗಂಟು ಬಿಚ್ಚಿದೆವು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ. ಸಾತಾರಾದಲ್ಲಿ ಚಹಾ ಮತ್ತು ವಡಾಪಾವ್ ಆಯಿತು. ಬಿಸಿಲು ಎಷ್ಟಿತ್ತೆಂದರೆ ಕಿಟಕಿಯ ಕಂಬಿ ಮುಟ್ಟಲಾಗುತ್ತಿರಲಿಲ್ಲ. ಇಳಿದಲ್ಲೆಲ್ಲ ನಾನು ನಳದ ನೀರು ತಂದು ಗೋಣಿತಟ್ಟು ನೆನೆಸಿದೆ. ಬಾಣಂತಿಯನ್ನು ಕರೆದೊಯ್ದಷ್ಟು ಜೋಪಾನದಿಂದ ಒಯ್ದೆ ಎಂದರೆ ಹೆಚ್ಚಲ್ಲ.

ಖಂಬಾಟಕಿ ಘಾಟು ಹತ್ತುವಾಗ ಯಲ್ಲಪ್ಪ ಮೊದಲ ಸಲ ಕೆರೆಯ ಮಾತು ತೆಗೆದ. "ಅಕ್ಕಾರ, ಆ ಹುಡಗಿ ಆಗೂದುಲ್ಲ ಅಂದ್ರ?" ಎಂದ. ಆಗುತ್ತದೆ ಎಂದೆ. ನನಗೇನೂ ಗೊತ್ತಿರಲಿಲ್ಲ. ಆದರೆ ಮೂವತ್ತು ವರ್ಷ ನರ್ಸಾಗಿದ್ದವಳಿಗೆ ಗೊತ್ತಿಲ್ಲದಾಗಲೂ ದನಿ ನಡುಗಬಾರದು ಎಂಬುದು ಗೊತ್ತಿರುತ್ತದೆ.

ಸಂಜೆ ಸ್ವಾರಗೇಟಿನಲ್ಲಿ ಇಳಿದೆವು. ಅಲ್ಲಿಂದ ಪಿಂಪ್ರಿಯವರೆಗೆ ಮೆಟ್ರೋ ಇದೆ, ತಂಪಾಗಿ ಬನ್ನಿ ಎಂದು ಮಾಲತಿ ಹೇಳಿದ್ದಳು. ನೆಲದ ಕೆಳಗಿನ ನಿಲ್ದಾಣ, ಗಾಜಿನ ಹಾಗೆ ಹೊಳೆಯುವ ನೆಲ. ಯಲ್ಲಪ್ಪ ಚಪ್ಪಲಿ ಬಿಡಬೇಕೋ ಎಂದು ಒಂದು ಕ್ಷಣ ನಿಂತ. ತಪಾಸಣೆಯ ಜಾಗದಲ್ಲಿ ಕಾವಲಿನ ಹೆಣ್ಣುಮಗಳು ಕ್ಯಾನುಗಳನ್ನು ತಡೆದು, ಇದೇನು ಎಂದು ಮರಾಠಿಯಲ್ಲಿ ಕೇಳಿದಳು. ನನಗೆ ಬರುವ ಮುರುಕು ಮರಾಠಿಯಲ್ಲಿ ಕೆರೆಯ ನೀರು ಎಂದೆ. ಅವಳು ಮುಚ್ಚಳ ತೆಗೆಸಿ ಒಳಗೆ ಬಗ್ಗಿ ನೋಡಿದಳು. ನೀರು ಚೆನ್ನಾಗಿಯೇ ಇದೆಯಲ್ಲ, ಹಾಗಾದರೆ ಒಂದು ಗುಟುಕು ಕುಡಿದು ತೋರಿಸಿ ಎಂದಳು.

ಕುಡಿಯುವ ಹಾಗಿಲ್ಲ, ವಿಷ ಎನ್ನಬೇಕು. ಮೆಟ್ರೋದ ಬಾಗಿಲಲ್ಲಿ ನಿಂತು ಕ್ಯಾನಿನಲ್ಲಿ ವಿಷವಿದೆ ಎಂದರೆ ಆ ರಾತ್ರಿ ಎಲ್ಲಿ ಕಳೆಯಬೇಕಾಗುತ್ತದೆ ಎಂಬುದು ಇಬ್ಬರಿಗೂ ಹೊಳೆಯಿತು. ಯಲ್ಲಪ್ಪ ಎರಡೂ ಕ್ಯಾನು ಎತ್ತಿಕೊಂಡು ಆಗಲೇ ಮೆಟ್ಟಿಲ ಕಡೆ ತಿರುಗಿದ್ದ. ಹೊರಗೆ ಬಂದು ನಿಗಡಿಯ ಸಿಟಿ ಬಸ್ಸು ಹಿಡಿದೆವು. ಕಚೇರಿ ಬಿಡುವ ಹೊತ್ತಿನ ಗದ್ದಲದಲ್ಲಿ ನಿಂತೇ ಹೋದೆವು. ಆ ಹೆಣ್ಣುಮಗಳು ಹೇಳಿದ್ದರಲ್ಲಿ ಒಂದು ಮಾತು ನನ್ನ ಕಿವಿಗೆ ಬಿದ್ದೂ ತಲೆಗೆ ಹೋಗಲಿಲ್ಲ. ಅದು ಮರುದಿನ ನೆನಪಾಯಿತು.

ಮಾಲತಿಯ ಮನೆಯಲ್ಲಿ ಬಿಸಿ ಜುಣಕ, ಭಾಕರಿ, ಮೇಲೆ ಮಜ್ಜಿಗೆ. ಅವಳ ಕನ್ನಡ ಧಾರವಾಡದ್ದೇ, ಆದರೆ ನಡುನಡುವೆ ಮರಾಠಿ ಬಂದು ಕುರ್ಚಿ ಹಾಕಿಕೊಂಡು ಕೂಡುತ್ತದೆ. ಕ್ಯಾನುಗಳನ್ನು ಅಡುಗೆಮನೆಯ ಹತ್ತಿರವೂ ಬಿಡಲಿಲ್ಲ. ಮಹಡಿಯಿಂದ ಸ್ಫೂರ್ತಿ ಇಳಿದು ಬಂದಳು. ಸಣ್ಣ ಮೈಯ, ದೊಡ್ಡ ಕನ್ನಡಕದ ಹುಡುಗಿ. ನನ್ನನ್ನು ಆಂಟಿ ಎಂದಳು, ಯಲ್ಲಪ್ಪನನ್ನು ಅಂಕಲ್ ಎಂದಳು. ಅವನಿಗೆ ನಾಚಿಕೆಯಾಗಿ ಮಜ್ಜಿಗೆ ನೆತ್ತಿಗೇರಿತು. ಇಷ್ಟು ದಿನ ತಾನು ಸೀಸೆಯಲ್ಲಿ ಬೆಳೆಸಿದ ಹಸಿರಿನ ಮೇಲಷ್ಟೇ ಪ್ರಯೋಗ ಮಾಡಿದ್ದೇನೆ, ಜೀವಂತ ಕೆರೆಯ ನೀರು ಇದೇ ಮೊದಲು ಎಂದಳು. ಅವಳ ಕಣ್ಣಿನಲ್ಲಿ ಖುಷಿ ಕಂಡು ನನಗೆ ಧೈರ್ಯ ಬಂತು.

ಮರುದಿನ ಬೆಳಿಗ್ಗೆ ಉಪ್ಪಿಟ್ಟು ತಿಂದು, ಮಾಲತಿಯನ್ನು ಮನೆಯಲ್ಲಿ ಬಿಟ್ಟು ಮೂವರೂ ಹೊರಟೆವು. ಸ್ಫೂರ್ತಿಯ ಪ್ರಯೋಗಾಲಯ ಚಾಕಣದ ಕಡೆಗಿದೆ. ಹೊಸ ಕಾರುಗಳನ್ನು ಎರಡು ಅಂತಸ್ತಿನಲ್ಲಿ ಹೊತ್ತ ಲಾರಿಗಳ ಹಿಂದೆ ನಮ್ಮ ರಿಕ್ಷಾ ತೆವಳಿತು. ಇಂದ್ರಾಯಣಿಯ ಸೇತುವೆ ಬಂದಾಗ ಯಲ್ಲಪ್ಪ ಅಭ್ಯಾಸದಂತೆ ಬಗ್ಗಿ ನೋಡಿದ. ಬಿಳಿ ನೊರೆ ತೇಲುತ್ತಿತ್ತು, ಮೂಗು ಮುಚ್ಚಿಕೊಂಡು ತಲೆ ಒಳಗೆಳೆದುಕೊಂಡ.

ಪ್ರಯೋಗಾಲಯವೆಂದರೆ ನಾನು ದೊಡ್ಡದೇನೋ ಅಂದುಕೊಂಡಿದ್ದೆ. ನಮ್ಮ ಉಪಕೇಂದ್ರದ ಔಷಧಿ ಕೋಣೆಯಷ್ಟೇ ಇತ್ತು, ಅದಕ್ಕಿಂತ ಇಕ್ಕಟ್ಟು. ಸ್ಫೂರ್ತಿ ಕ್ಯಾನಿನಿಂದ ನೀರು ತೆಗೆದು ಗಾಜಿನ ತುಂಡಿನ ಮೇಲೆ ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಳು. ಬಹಳ ಹೊತ್ತು ನೋಡಿದಳು. ಇನ್ನೊಂದು ಹನಿ ನೋಡಿದಳು. ಎರಡನೆಯ ಕ್ಯಾನಿನಿಂದಲೂ ನೋಡಿದಳು.

"ಆಂಟಿ, ಇದ್ರಲ್ಲಿ ಏನೂ ಇಲ್ವಲ್ಲ. ಆಲ್‌ಮೋಸ್ಟ್ ಕ್ಲೀನ್ ಇದೆ" ಎಂದಳು.

ಯಲ್ಲಪ್ಪನ ಮುಖ ಇಳಿದುಹೋಯಿತು. ನಾನು ಒಪ್ಪಲಿಲ್ಲ. ದಂಡೆಯಲ್ಲಿ ಅಂಗೈ ದಪ್ಪ ನಿಂತಿದೆ, ಎಮ್ಮೆ ಸತ್ತಿವೆ, ಏನೂ ಇಲ್ಲವೆಂದರೆ ಹೇಗೆ ಎಂದು ಜೋರು ಮಾಡಿದೆ. ನೀರು ತುಂಬಿದ್ದು ಹೇಗೆ ಎಂದು ಅವಳು ಕೇಳಿದಳು. ಹೇಗೆ ಅಂದರೇನು, ಸರಿಯಾದ ರೀತಿಯಲ್ಲೇ ತುಂಬಿದ್ದೇವೆ ಎಂದೆ. ಯಲ್ಲಪ್ಪ ಕ್ಯಾನಿನ ತಳವನ್ನು ಆಡಿಸಿ ನೀರಿನ ಮೇಲಿನ ಗಸಿಯನ್ನು ಅತ್ತಿತ್ತ ಸರಿಸಿದ. ನಾನು ಕ್ಯಾನಿನ ಬಾಯಿಗೆ ಎರಡು ಮಡಿಕೆಯ ಬಿಳಿ ಬಟ್ಟೆ ಬಿಗಿಹಿಡಿದೆ. ಒಂದು ಕಸವೂ ಒಳಗೆ ಹೋಗದಂತೆ ತುಂಬಿದೆವು.

ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಕೇಳಿಸಿತು. ಸ್ಫೂರ್ತಿ ಕನ್ನಡಕ ತೆಗೆದು ಒರೆಸಿಕೊಂಡಳು. "ಸೋಸಿದ್ರಾ ಆಂಟಿ?" ಎಂದು ಮೆಲ್ಲಗೆ ಕೇಳಿದಳು. ನೀರು ಚೆನ್ನಾಗಿಯೇ ಇದೆಯಲ್ಲ ಎಂದು ಮೆಟ್ರೋದ ಹೆಣ್ಣುಮಗಳು ಅಂದಿದ್ದಳು. ಅವಳ ಕಣ್ಣಿಗೆ ಕಂಡದ್ದು ನನ್ನ ಕಣ್ಣಿಗೆ ಕಂಡಿರಲಿಲ್ಲ.

ಇದನ್ನು ಬೇರೆ ಊರಿನವರಿಗೆ ಬಿಡಿಸಿ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ನಮ್ಮ ಸೀಮೆಯಲ್ಲಿ ನಾರು ಹುಣ್ಣು ಇತ್ತು. ಮೆಟ್ಟಿಲಬಾವಿಯ ನೀರಿನಲ್ಲಿ ಕಣ್ಣಿಗೆ ಕಾಣದ ಹುಳ ಹೊಟ್ಟೆ ಸೇರಿ, ವರ್ಷ ಕಳೆದ ಮೇಲೆ ಕಾಲಿನಿಂದ ದಾರದಂತೆ ಹೊರಬರುತ್ತಿತ್ತು. ಅದಕ್ಕೆ ಇದ್ದ ಮದ್ದು ಒಂದೇ, ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸುವುದು. ಮನೆ ಮನೆಗೆ ಹೋಗಿ, ಬೈದು, ಕಾಡಿ, ಬೇಡಿ, ಪ್ರತಿ ಕೊಡದ ಬಾಯಿಗೂ ಬಟ್ಟೆ ಕಟ್ಟಿಸಿದೆ. ಯಲ್ಲಪ್ಪ ಆಗ ಚಿಕ್ಕವನು. ಅವನ ಮೊಣಕಾಲ ಕೆಳಗೆ ಹುಳ ಬಂದಿತ್ತು. ಬೆಂಕಿಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆದು ತೆಗೆದವಳು ನಾನು. ಕಾಲು ವಾಸಿಯಾದ ದಿನ ಅವನ ತಾಯಿಯ ಕೈಗೆ ಸೋಸುವ ಬಟ್ಟೆ ಕೊಟ್ಟು ದೇವರ ಮುಂದೆ ಆಣೆ ಮಾಡಿಸಿದ್ದೆ. ನಾರು ಹುಣ್ಣು ದೇಶ ಬಿಟ್ಟು ಹೋಯಿತು, ಬಟ್ಟೆ ನಮ್ಮ ಕೈ ಬಿಟ್ಟು ಹೋಗಲಿಲ್ಲ. ನಮ್ಮೂರಿನಲ್ಲಿ ಇಂದಿಗೂ ಬಟ್ಟೆಯಿಲ್ಲದೆ ನೀರು ತುಂಬಿದವರನ್ನು ಹಿರಿಯರು ಗದರುತ್ತಾರೆ. ವಿಷ ತುಂಬಲು ಹೋದಾಗಲೂ ನಾವು ಸೋಸಿಯೇ ತುಂಬಿದ್ದೆವು.

ಯಲ್ಲಪ್ಪ ಬಾಗಿಲ ಹೊರಗೆ ಹೋಗಿ ನಿಂತ. ನನಗೆ ಅಳು ಬರುವಂತಾಯಿತು. ಸೋಮವಾರ ಮೈಲುತುತ್ತ ಬೀಳುತ್ತದೆ, ಮತ್ತೆ ಹೋಗಿ ನೀರು ತರಲು ಹೊತ್ತಿಲ್ಲ. ಬರಿಗೈಯಲ್ಲಿ ಹೋಗಿ ಸಭೆಯಲ್ಲಿ ಏನು ಹೇಳಲಿ? ಆಗ ಸ್ಫೂರ್ತಿ ಕೇಳಿದಳು, ಆ ಬಟ್ಟೆ ಎಲ್ಲಿ?

ಬಟ್ಟೆ ಎಸೆಯುವವಳಲ್ಲ ನಾನು. ಒಗೆದರಾಯಿತು ಎಂದು ಹಸಿಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ನನ್ನ ಬಟ್ಟೆಗಳ ನಡುವೆ ಇಟ್ಟು ತಂದಿದ್ದೆ. ಚೀಲ ಮಾಲತಿಯ ಮನೆಯಲ್ಲಿತ್ತು. ಮಾಲತಿ ಬಂದವರ ಮೈಲಿಗೆ ಬಟ್ಟೆ ಕಂಡರೆ ಕೇಳದೆಯೇ ಒಗೆದುಬಿಡುವವಳು. ಫೋನು ಹಚ್ಚಿದೆ.

"ನಿನ್ನ ಚೀಲದಾಗಿಂದ ಭಾಳ ಘಾಣ ವಾಸನಿ ಬರಲಿಕ್ಕತ್ತದ ಸುಮಿತ್ರಾ. ಈಗ ಬಕೀಟಿಗೆ ಪುಡಿ ಹಾಕಲಿಕ್ಕೆ ನಿಂತೇನಿ" ಎಂದಳು.

ನಿಲ್ಲು, ಮುಟ್ಟಬೇಡ, ಅದರೊಳಗೆ ನಮ್ಮ ಕೆರೆ ಇದೆ ಎಂದು ಕೂಗಿದೆ. ಅವಳಿಗೆ ಏನು ಅರ್ಥವಾಯಿತೋ, ಮುಂದಿನ ರಿಕ್ಷಾದಲ್ಲಿ ತಾನೇ ಹೊರಟು ಬಂದಳು. ಒಂದು ಹಳೆಯ ಸ್ಟೀಲಿನ ಡಬ್ಬಿಯಲ್ಲಿ ಗಂಟು ಇಟ್ಟುಕೊಂಡು, ಕೈಯನ್ನು ಮೈಯಿಂದ ಆದಷ್ಟು ದೂರ ಚಾಚಿಕೊಂಡು ಒಳಗೆ ಬಂದಳು. ಡಬ್ಬಿ ವಾಪಸು ಬೇಡ ಎಂದು ಮೊದಲೇ ಹೇಳಿಬಿಟ್ಟಳು.

ಗಂಟು ಬಿಚ್ಚಿದರೆ ಬಟ್ಟೆಯ ನಡುವೆ ಹಸಿರು ಮೆತ್ತಿಕೊಂಡಿತ್ತು. ಸ್ಫೂರ್ತಿ ಅದನ್ನು ಕ್ಯಾನಿನ ನೀರಿನಲ್ಲೇ ಅದ್ದಿ ಅಲುಗಾಡಿಸಿದಳು. ಗಾಜಿನ ಪಾತ್ರೆ ನೋಡನೋಡುತ್ತ ಹಸಿರಾಯಿತು. ಅವಳು ಸೂಕ್ಷ್ಮದರ್ಶಕದಲ್ಲಿ ನೋಡಿ, ನಮ್ಮನ್ನೂ ಕರೆದು ತೋರಿಸಿದಳು. ಸಣ್ಣ ಸಣ್ಣ ಗುಂಡುಗಳು ಗುಂಪುಗಟ್ಟಿ ಕೂತಿದ್ದವು. ಯಲ್ಲಪ್ಪ ಕಣ್ಣಿಟ್ಟವನು ಏಳಲೇ ಇಲ್ಲ. ನಮ್ಮ ಕೆರೆಯದೇ, ನನಗೆ ಗುರುತು ಸಿಕ್ಕಿತು ಎಂದ. ಹೇಗೆ ಸಿಕ್ಕಿತೋ ಅವನೇ ಬಲ್ಲ.

ಇನ್ನು ಮಿಂಚಿನ ವಿಷಯ. ಅವಳ ಯಂತ್ರ ನಮ್ಮ ಮನೆಯ ಮಿಕ್ಸಿಗಿಂತ ದೊಡ್ಡದಲ್ಲ. ಪಾತ್ರೆಯ ನೀರಿನ ಮೇಲೆ ಒಂದು ಗಾಜಿನ ಬಿಲ್ಲೆ, ಅದರ ಮೇಲೆ ತಂತಿ. ವಿದ್ಯುತ್ತು ಹರಿಸಿದಾಗ ಬಿಲ್ಲೆಗೂ ನೀರಿಗೂ ನಡುವೆ ನೇರಳೆ ಬೆಳಕು ಹರಡಿ ಸಣ್ಣಗೆ ಸುಂಯ್‌ಗುಟ್ಟಿತು. ಮಳೆಗಾಲದಲ್ಲಿ ಸಿಡಿಲು ಬಿದ್ದ ಮೇಲೆ ಬರುವ ವಾಸನೆ ಕೋಣೆಯಲ್ಲಿ ಎದ್ದಿತು. ಇದಕ್ಕೆ ತಣ್ಣನೆಯ ಪ್ಲಾಸ್ಮಾ ಎನ್ನುತ್ತಾರಂತೆ. ಬೆಂಕಿಯಂತೆ ಕಾಣುತ್ತದೆ, ತಣ್ಣಗೆ ಹೇಗೆ ಎಂದು ಮಾಲತಿ ಕೇಳಿದಳು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದು ಕೈಗೆ ಚುರುಕ್ಕೆನ್ನುತ್ತದೆ, ಆದರೆ ಅಡುಗೆಮನೆಯೆಲ್ಲ ಬಿಸಿಯಾಗುವುದಿಲ್ಲ, ಇಲ್ಲಿಯೂ ಸಣ್ಣ ಕಣಗಳಿಗಷ್ಟೇ ಆ ಕಾವು, ಗಾಳಿ ತಣ್ಣಗೇ ಇರುತ್ತದೆ ಎಂದು ಸ್ಫೂರ್ತಿ ಹೇಳಿದಳು. ಆ ಕಣಗಳು ಗಾಳಿಯನ್ನೂ ನೀರನ್ನೂ ಕೆಣಕಿ ಓಜೋನಿನಂಥ ಚುರುಕು ಪದಾರ್ಥ ಹುಟ್ಟಿಸುತ್ತವೆ, ಅವು ಹಸಿರಿನ ಗೋಡೆಯನ್ನು ಹರಿದುಹಾಕುತ್ತವೆ. ಮಾಲತಿಗೆ ಒಗ್ಗರಣೆಯವರೆಗೆ ತಿಳಿಯಿತು. ನನಗೂ ಅಷ್ಟೇ.

ವಿಷ ಅಳೆಯಲು ಅವಳ ಬಳಿ ಕಾಗದದ ಪಟ್ಟಿಗಳಿದ್ದವು. ಗರ್ಭ ಪರೀಕ್ಷೆಯ ಪಟ್ಟಿಯ ಹಾಗೇ, ಆದರೆ ಅರ್ಥ ತಿರುವುಮುರುವು. ಗೆರೆ ದಟ್ಟವಾಗಿ ಬಂದರೆ ನೀರು ಒಳ್ಳೆಯದು, ಗೆರೆ ಮಾಸಿದರೆ ನೀರಿನಲ್ಲಿ ವಿಷ. ಎಷ್ಟೋ ಹೆಣ್ಣುಮಕ್ಕಳ ಎದುರು ಗೆರೆ ಬರುತ್ತದೋ ಇಲ್ಲವೋ ಎಂದು ಕಾದವಳು ನಾನು. ಅಂದಿನಷ್ಟು ಕಾತರ ಯಾವತ್ತೂ ಆಗಿರಲಿಲ್ಲ.

ಯಂತ್ರಕ್ಕೆ ಒಡ್ಡುವ ಮೊದಲು ನೋಡಿದಾಗ ಗೆರೆ ಮಸುಕಾಗಿ ಬಂತು. ಸ್ವಲ್ಪ ಹೊತ್ತು ಯಂತ್ರ ನಡೆಸಿ ನೋಡಿದಳು. ನೀರಿನ ಹಸಿರು ಕಂದಿತ್ತು, ಆದರೆ ಗೆರೆಯೇ ಇರಲಿಲ್ಲ. ವಿಷ ಕಡಿಮೆಯಾಗುವ ಬದಲು ಹೆಚ್ಚಿತ್ತು. ಯಲ್ಲಪ್ಪ ನನ್ನ ಕಡೆ ನೋಡಿದ. ನಾನು ಸ್ಫೂರ್ತಿಯ ಕಡೆ ನೋಡಿದೆ. ಅವಳು ಗಾಬರಿಯಾಗಲಿಲ್ಲ, ಹೀಗೇ ಆಗಬೇಕು ಎಂದಳು. ಇದುವರೆಗೆ ವಿಷ ಹಸಿರಿನ ಹೊಟ್ಟೆಯಲ್ಲಿತ್ತು, ಹೊಟ್ಟೆ ಒಡೆದ ಮೇಲೆ ನೀರಿಗೆ ಬಂದಿದೆ. ಇಲ್ಲಿಗೇ ಬಿಟ್ಟರೆ ಮೊದಲಿಗಿಂತ ಕೆಟ್ಟದ್ದು, ಆದ್ದರಿಂದ ಇಲ್ಲಿಗೆ ಬಿಡಬಾರದು. ಮತ್ತೆ ಯಂತ್ರ ಹಚ್ಚಿದಳು. ಈ ಸಲ ಬಹಳ ಹೊತ್ತು ನಡೆಯಿತು. ನಾವು ಹೊರಗೆ ಹೋಗಿ ಕಬ್ಬಿನ ಹಾಲು ಕುಡಿದು ಬಂದೆವು. ಬಂದು ನೋಡಿದರೆ ನೀರು ತಿಳಿಯಾಗಿತ್ತು, ತಳದಲ್ಲಿ ಬೂದು ಬಣ್ಣದ ಗಷ್ಟು. ಪಟ್ಟಿ ಅದ್ದಿದಳು. ಗೆರೆ ಮೆಲ್ಲಗೆ ಮೂಡಿ ದಟ್ಟವಾಗಿ ನಿಂತಿತು.

ಮಾಲತಿ ಚಪ್ಪಾಳೆ ತಟ್ಟಿದಳು. ನಾನು ಸ್ಫೂರ್ತಿಯ ಬೆನ್ನು ಸವರಿದೆ. ಯಲ್ಲಪ್ಪ ಮಾತ್ರ ಗೆರೆಯಿಲ್ಲದ ನಡುವಿನ ಪಟ್ಟಿಯನ್ನೇ ಹಿಡಿದು ನಿಂತಿದ್ದ. "ಮೈಲುತುತ್ತ ಹಾಕಿದ್ರ ಇಲ್ಲಿಗೇ ನಿಲ್ಲತೈತಿ, ಹೌದಲ್ರಿ?" ಎಂದು ಕೇಳಿದ. ಸ್ಫೂರ್ತಿ ಇನ್ನೊಂದು ಪಾತ್ರೆಗೆ ಅದೇ ಹಸಿರು ನೀರು ಸುರಿದು, ಮೈಲುತುತ್ತದ ನೀಲಿ ಹನಿ ಹಾಕಿ ಕಿಟಕಿಯಲ್ಲಿಟ್ಟಳು. ನಾಳೆ ನೀವೇ ನೋಡಿಕೊಳ್ಳಿ ಎಂದಳು.

ಇಡೀ ಕೆರೆಗೆ ಈ ಯಂತ್ರ ಯಾವಾಗ ತರುತ್ತೀ ಎಂದು ನಾನು ಕೇಳಿದೆ. ನನ್ನ ಮನಸ್ಸಿನಲ್ಲಿ ಆಗಲೇ ದಂಡೆಯ ಉದ್ದಕ್ಕೂ ನೇರಳೆ ಬೆಳಕು ಹೊತ್ತಿತ್ತು.

"ಕೆರೆಗೆ ಆಗಲ್ಲ ಆಂಟಿ. ಈಗಂತೂ ಆಗಲ್ಲ. ಸುಳ್ಳು ಹೇಳಿ ಕಳಿಸಲ್ಲ ನಾನು" ಎಂದಳು.

ಇದಕ್ಕೆ ಇನ್ನೂ ತೊಡಕುಗಳಿವೆಯಂತೆ. ನೀರು ಸ್ವಲ್ಪ ಹುಳಿಯಾಗುತ್ತದೆ, ಗೊಬ್ಬರದ ಅಂಶವೂ ಸೇರುತ್ತದೆ, ಅದನ್ನೆಲ್ಲ ಸರಿಪಡಿಸಿಯೇ ಬಳಸಬೇಕು. ಕೆರೆಯ ಮಾತು ಬೇರೆ. ಊರ ಚರಂಡಿ ಕೆರೆಗೆ ಬರುವುದನ್ನು ಮೊದಲು ತಿರುಗಿಸಿ, ಹಸಿರಿಗೆ ಊಟ ಹಾಕುವುದನ್ನು ನಿಲ್ಲಿಸಿ, ಆಮೇಲೆ ನನ್ನನ್ನು ಕೇಳಿ ಎಂದಳು. ಯಾವ ಸಭೆಯಲ್ಲೂ ಯಾರೂ ಎತ್ತದ ಮಾತು ಅದು. ಕೆರೆ ಆಗದಿದ್ದರೆ ದನ ಕುಡಿಯುವ ತೊಟ್ಟಿಗಾದರೂ ಆಗುತ್ತದೆಯೇ ಎಂದು ಯಲ್ಲಪ್ಪ ಕೇಳಿದ. ಅವಳು ಯೋಚಿಸಿದಳು. ಡ್ರಮ್ಮಿನಷ್ಟು ನೀರಿಗೆ ಒಂದು ಯಂತ್ರ ತಯಾರಾಗುತ್ತಿದೆ, ಅದನ್ನು ಪರೀಕ್ಷಿಸಲು ಜಾಗ ಹುಡುಕುತ್ತಿದ್ದೇನೆ, ತೊಟ್ಟಿಯೆಂದರೆ ಸರಿಯಾದ ಅಳತೆ ಎಂದಳು. ಪರೀಕ್ಷೆ ಪಾಸಾಗುವವರೆಗೆ ದನಕ್ಕೆ ಕೊಳವೆಬಾವಿಯ ನೀರೇ ಎಂದು ನಾನು ಷರತ್ತು ಹಾಕಿದೆ. ಒಪ್ಪಿದಳು.

ಶನಿವಾರ ಬೆಳಿಗ್ಗೆ ಊರಿಗೆ ಹೊರಡುವ ಮುನ್ನ ಮತ್ತೆ ಹೋದೆವು. ಕಿಟಕಿಯ ಪಾತ್ರೆಯಲ್ಲಿ ಹಸಿರು ಸತ್ತು ಹಳದಿಯಾಗಿ ತಳ ಹಿಡಿದಿತ್ತು. ಮೇಲಿನ ನೀರು ನೋಡಲು ತಿಳಿಯಾಗಿಯೇ ಇತ್ತು. ನಾನೇ ಪಟ್ಟಿ ಅದ್ದಿದೆ. ಗೆರೆ ಬರಲಿಲ್ಲ. ಎಷ್ಟು ಹೊತ್ತು ಕಾದರೂ ಬರಲಿಲ್ಲ. ಸ್ಫೂರ್ತಿ ಎಲ್ಲ ಪಟ್ಟಿಗಳನ್ನೂ ಸಣ್ಣ ಕವರಿಗೆ ಹಾಕಿ ಯಲ್ಲಪ್ಪನ ಕೈಗೆ ಕೊಟ್ಟಳು. ಅವನು ಅಂಗಿಯ ಜೇಬಿಗಿಟ್ಟು ಗುಂಡಿ ಹಾಕಿಕೊಂಡ. ನನ್ನ ಬಟ್ಟೆಯನ್ನು ಇಟ್ಟುಕೊಳ್ಳಲೇ ಎಂದು ಅವಳು ಕೇಳಿದಳು, ಅದರ ಎಳೆಗಳಲ್ಲಿ ಇನ್ನೂ ಹಸಿರು ಉಳಿದಿತ್ತಂತೆ. ಇಟ್ಟುಕೋ ಎಂದೆ. ಹೇಳಿದಷ್ಟು ಸುಲಭವಾಗಿರಲಿಲ್ಲ.

ಕಾತ್ರಜ ಸುರಂಗ ದಾಟುವಾಗ ಯಲ್ಲಪ್ಪ ಹಿಂದೆ ತಿರುಗಿ ಒಮ್ಮೆ ನೋಡಿದ. ಆಮೇಲೆ ದಾರಿಯುದ್ದ ನಿದ್ದೆ ಮಾಡಿದ, ಒಂದು ಹೊಳೆಯನ್ನೂ ನೋಡಲಿಲ್ಲ. ಕೈ ಮಾತ್ರ ಜೇಬಿನ ಮೇಲೆ ಇತ್ತು.

ಭಾನುವಾರ ಬೆಳಗಾದರೆ ಪಂಚಾಯಿತಿ ಕಟ್ಟೆಯ ಮೇಲೆ ಮೈಲುತುತ್ತದ ಮೂಟೆಗಳು ಬಂದು ಬಿದ್ದಿದ್ದವು. ನಾನು ಭಾಷಣಕ್ಕೆ ಸಿದ್ಧಳಾಗಿ ಹೋದೆ. ನನಗಿಂತ ಮೊದಲೇ ಯಲ್ಲಪ್ಪ ಹೋಗಿ ಮೂಟೆಯ ಮೇಲೆ ಕೂತಿದ್ದ. ಸುತ್ತ ಜನ ಸೇರಿದ್ದರು. ಎಮ್ಮೆ ಕಳೆದುಕೊಂಡ ಬಸಪ್ಪ ಎಲ್ಲರಿಗಿಂತ ಮುಂದೆ ನಿಂತಿದ್ದ. ಯಲ್ಲಪ್ಪ ಜೇಬಿನಿಂದ ಪಟ್ಟಿ ತೆಗೆದು ಅವನ ಕೈಗೇ ಕೊಟ್ಟ, ಗೆರೆಯ ಅರ್ಥ ಬಿಡಿಸಿ ಹೇಳಿದ.

"ನನ್ನ ಮೀನ ಸತ್ರ ಸಾಯಲಿ ಬಸಪ್ಪಣ್ಣ. ಆದ್ರ ಮೈಲುತುತ್ತ ಹಾಕಿದ ಮರುದಿನ ನೀರ ತಿಳಿ ಕಾಣತೈತಿ. ತಿಳಿ ಐತೆಂತ ನೀ ಉಳಿದ ಎಮ್ಮಿ ನೀರಿಗೆ ಬಿಡ್ತಿ" ಎಂದ.

ಬಸಪ್ಪ ಪಟ್ಟಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ ಅಧ್ಯಕ್ಷರ ಕಡೆ ತಿರುಗಿ, ಮೂಟೆ ಮಾವಿನ ತೋಟದವರಿಗೆ ಗಿಡಕ್ಕೆ ಹೊಡೆಯಲು ಕೊಡಿ, ಮೊದಲು ಚರಂಡಿ ತಿರುಗಿಸೋಣ ಎಂದ. ನನ್ನ ಭಾಷಣ ನನ್ನಲ್ಲೇ ಉಳಿಯಿತು, ಸಂತೋಷ ಮಾತ್ರ ಒಳಗೆ ಉಳಿಯಲಿಲ್ಲ, ಅಲ್ಲೇ ಎಲ್ಲರೆದುರು ಕಣ್ಣೊರೆಸಿಕೊಂಡೆ.

ಸಂಜೆ ಸ್ಫೂರ್ತಿಗೆ ಮುಂದಿನ ಪರೀಕ್ಷೆಗೆಂದು ಕಳಿಸಲು ಹೊಸ ನೀರು ತುಂಬಬೇಕಿತ್ತು, ಈ ಸಲ ಗಸಿಯ ಸಮೇತ. ಹೆರಿಗೆ ಮಾಡಿಸುವಾಗಿನ ಹಳೆಯ ರಬ್ಬರ್ ಗವಸು ಇಬ್ಬರೂ ಹಾಕಿಕೊಂಡು ದಂಡೆಗೆ ಇಳಿದೆವು. ಯಲ್ಲಪ್ಪ ಕ್ಯಾನು ಬಗ್ಗಿಸಿದ. ಗಸಿಯನ್ನು ಸರಿಸಲು ಹೊರಟ ಕೈಯನ್ನು ಅವನೇ ತಡೆದುಕೊಂಡ. ನೀರು ಮಾತ್ರ ಒಳಗೆ ಹೋಗುತ್ತಿರಲಿಲ್ಲ. ನೋಡಿದರೆ, ಬಟ್ಟೆ ಪುಣೆಯಲ್ಲಿದೆ ಎಂಬುದನ್ನು ಮರೆತು ನನ್ನ ಅಂಗೈ ಕ್ಯಾನಿನ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡಿತ್ತು.

"ಅಕ್ಕಾರ, ಕೈ ತಗೀರಿ" ಎಂದ ಯಲ್ಲಪ್ಪ.

ತೆಗೆದೆ.